ಜೂಲಿಯನ್‌ನನ್ನು ಓದಬೇಕಾದರೆ ಗೋಧಿಯಿಂದ ಶುರು ಮಾಡಿ

ಕ್ರೈಸ್ತ ಧರ್ಮವನ್ನು ಬದಿಗೆ ಸರಿಸಿ ಹಳೆಯ ದೇವರುಗಳ ಪೂಜೆಯನ್ನು ಮತ್ತೆ ತರಲು ಹೊರಟ ರೋಮ್ ಚಕ್ರವರ್ತಿ ಜೂಲಿಯನ್. ಅವನ ಬಗ್ಗೆ ಓದಲು ಕೂತವರು ಸುಮ್ನೆ ಸಾವಿನ ಕಥೆಗೆ ಹೋಗಿಬಿಡುತ್ತಾರೆ. ಪ್ರಾಣ ಬಿಡುವಾಗ 'ಗಲಿಲಾಯದವನೇ, ನೀನೇ ಗೆದ್ದೆ' ಅಂದನಂತೆ (ಗಲಿಲಾಯದವನು ಅಂದರೆ ಯೇಸು)! ಅದನ್ನು ಪಕ್ಕಕ್ಕಿಡಿ, ಎಷ್ಟೋ ವರ್ಷ ಕಳೆದ ಮೇಲೆ ಕ್ರೈಸ್ತ ಬರಹಗಾರರು ಸೇರಿಸಿದ್ದು ಅದು. 361ರ ನವೆಂಬರ್‌ನಿಂದ 363ರ ಜೂನ್‌ವರೆಗೆ ಆಳಿದ, ಇಷ್ಟು ನೆನಪಿದ್ದರೆ ಸಾಕು.

ಜೂಲಿಯನ್ ತಾನೇ ಬರೆದ ಬರಹಗಳಿಗೆ ವಿಲ್ಮರ್ ರೈಟ್ ಅವರ ಇಂಗ್ಲಿಷ್ ಅನುವಾದ ಮೂರು ಸಂಪುಟಗಳಲ್ಲಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಮೂರನೆಯದನ್ನು ತೆಗೆಯಿರಿ. ಗಲಾಟಿಯಾ ಪ್ರಾಂತ್ಯದ ಪ್ರಧಾನ ಅರ್ಚಕ ಅರ್ಸಾಕಿಯಸ್‌ಗೆ ಬರೆದ ಪತ್ರ ಅದರಲ್ಲಿದೆ. ಊರೂರಿಗೂ ಛತ್ರ ಕಟ್ಟಿಸು, ವರ್ಷಕ್ಕೆ 30,000 ಮೋಡಿಯಸ್ (ರೋಮನ್ನರ ಧಾನ್ಯದ ಅಳತೆ) ಗೋಧಿ, 60,000 ಅಳತೆ ವೈನ್ ಕೊಡುತ್ತೇನೆ, ಐದರಲ್ಲೊಂದು ಪಾಲು ಅರ್ಚಕರ ಸೇವೆ ಮಾಡುವ ಬಡವರಿಗೆ, ಉಳಿದದ್ದೆಲ್ಲ ಪರ ಊರಿನವರಿಗೂ ಭಿಕ್ಷುಕರಿಗೂ ಎನ್ನುತ್ತಾನೆ. ಅರ್ಚಕರು ಹೆಂಡದಂಗಡಿಗೆ ಹೋಗಬಾರದು, ನಾಟಕ ನೋಡಬಾರದು. ಕಾರಣವನ್ನೂ ಅವನೇ ಹೇಳುತ್ತಾನೆ: ಆ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರ ಜೊತೆ ನಮ್ಮ ಬಡವರಿಗೂ ಊಟ ಹಾಕುತ್ತಿದ್ದಾರೆ! ಎದುರಾಳಿಯ ವ್ಯವಸ್ಥೆಯನ್ನೇ ಎತ್ತಿಕೊಂಡು ಬಂದು ಹಳೆಯ ದೇವಸ್ಥಾನಕ್ಕೆ ಜೋಡಿಸುವ ಯೋಚನೆ, ಅಲ್ವಾ? (ಈ ಪತ್ರ ಅವನದೇನಾ ಎಂದು ಕೆಲವು ವಿದ್ವಾಂಸರಿಗೆ ಅನುಮಾನವಿದೆ. ಆದರೆ ಅರ್ಚಕನೊಬ್ಬನಿಗೆ ಬರೆದ ಇನ್ನೊಂದು ಪತ್ರದಲ್ಲೂ ಇದೇ ಧಾಟಿ ಇದೆ.)

ಆಮೇಲೆ ಎರಡನೇ ಸಂಪುಟದ 'ಮಿಸೊಪೊಗನ್', ಅಂದರೆ ಗಡ್ಡದ್ವೇಷಿ. ಆಂಟಿಯೋಕ್ ನಗರದ ಜನ ತನ್ನ ಗಡ್ಡವನ್ನು ಆಡಿಕೊಂಡರು ಅಂತ ಚಕ್ರವರ್ತಿಯೇ ಕೂತು ಬರೆದ ಬೈಗುಳ. ಇದನ್ನು ನಿಧಾನವಾಗಿ ಓದಿ, ನನಗೆ ಜಾಸ್ತಿ ಇಷ್ಟ ಇದೇ. ಊರಿನ ಹೊರಗೆ ಡಾಫ್ನಿಯಲ್ಲಿ ಅಪೊಲೊ ದೇವರ ಜಾತ್ರೆ. ಬಲಿ, ಧೂಪ, ಬಿಳಿ ಬಟ್ಟೆಯ ಹುಡುಗರು ಎಂದೆಲ್ಲ ಮನಸ್ಸಲ್ಲೇ ಚಿತ್ರ ಬರೆದುಕೊಂಡು ಓಡೋಡಿ ಹೋಗುತ್ತಾನೆ. ಅಲ್ಲಿ ಏನೂ ಇಲ್ಲ. ನಗರದವರು ಏನು ತಂದಿದ್ದಾರೆ ಎಂದು ಕೇಳಿದರೆ ಅರ್ಚಕ, ಮನೆಯಿಂದ ನಾನೇ ಒಂದು ಹೆಬ್ಬಾತು ತಂದಿದ್ದೇನೆ, ಊರಿನವರದು ಏನೂ ಇಲ್ಲ ಎಂದುಬಿಟ್ಟ.

ಮೂರನೆಯ ಓದು, ಅಮ್ಮಿಯಾನಸ್ ಬರೆದ ಇತಿಹಾಸ. ಇವನೂ ಹಳೆಯ ದೇವರುಗಳವನೇ, ಜೂಲಿಯನ್‌ನ ಸೈನ್ಯದಲ್ಲಿದ್ದವನು, ಅಭಿಮಾನಿ ಬೇರೆ. ಆದರೂ 362ರಲ್ಲಿ ಕ್ರೈಸ್ತ ಮೇಷ್ಟ್ರುಗಳಿಗೆ ಪಾಠ ಹೇಳದಂತೆ ತಡೆದದ್ದನ್ನು ಕ್ರೂರ ಎಂದೇ ಬರೆದ. ಬಲಿ ಕೊಟ್ಟ ಎತ್ತುಗಳ ಲೆಕ್ಕಕ್ಕೂ ಮುಖ ಸಿಂಡರಿಸುತ್ತಾನೆ.

ನಾಜಿಯಾನ್ಜಸ್‌ನ ಗ್ರೆಗೊರಿ ಎಂಬ ಕ್ರೈಸ್ತ ಗುರುವನ್ನು ಕೊನೆಗೆ ಓದಿ. ಅಥೆನ್ಸ್‌ನಲ್ಲಿ ಜೂಲಿಯನ್ ಓದುತ್ತಿದ್ದಾಗ ಅಲ್ಲೇ ಇದ್ದವನು, ಅವನ ಮೇಲಿನ ಸಿಟ್ಟು ಭರ್ಜರಿಯಾಗಿದೆ. ಹಾಗೆಯೇ ಕ್ರೈಸ್ತರ ವಿರುದ್ಧ ಜೂಲಿಯನ್ ಬರೆದ ಪುಸ್ತಕ ಪೂರ್ತಿ ಸಿಗುತ್ತದೆ ಎಂದು ಹುಡುಕಬೇಡಿ. ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್ ಖಂಡಿಸಲೆಂದು ಎತ್ತಿ ಬರೆದ ತುಣುಕುಗಳೇ ಹೆಚ್ಚಾಗಿ ಉಳಿದಿರುವುದು.