ಪಿಪಿಗೆ ಜೇಡಿ ಬೆರೆಸುವುದು: ಪದರ ಬಿಡಿಸುವುದೇ ನಿಜವಾದ ಕೆಲಸ

ಪಾಲಿಪ್ರೊಪಿಲೀನ್ (ಪಿಪಿ) ಎಂಬ ಪ್ಲಾಸ್ಟಿಕ್‌ಗೆ ಬರೀ ಗಡಸುತನ ಬೇಕಿದ್ದರೆ ಶೇ 20 ಟಾಲ್ಕ್ (ಮೆತ್ತನೆಯ ಖನಿಜದ ಪುಡಿ) ಹಾಕಿ ಮುಗಿಸಿ. ಅದು ಅಗ್ಗ, ನಂಬಿಕಸ್ಥ. ನಾನು ಪದರ ಬಿಡಿಸಿ ಬೆರೆಸುವ ನ್ಯಾನೊ ಜೇಡಿಗೆ ಕೈಹಾಕುವುದು ತೂಕ ಏರಬಾರದು ಎಂದಾಗ, ಇಲ್ಲವೇ ಬೆಂಕಿ ತಗುಲಿದರೆ ಕರಗಿ ತೊಟ್ಟಿಕ್ಕುವುದು ತಗ್ಗಬೇಕು ಎಂದಾಗ. ಶೇ 20 ಟಾಲ್ಕ್‌ನಿಂದ ಪಿಪಿಯ ಸಾಂದ್ರತೆ ಘನ ಸೆಂಟಿಮೀಟರ್‌ಗೆ 0.90 ಗ್ರಾಂನಿಂದ 1.04ರ ಆಸುಪಾಸಿಗೆ ಹೋಗುತ್ತದೆ. ಶೇ 5 ಜೇಡಿಯಲ್ಲಿ 0.93ರ ಒಳಗೇ ಇರುತ್ತದೆ.

ಇಲ್ಲಿ ಬೇಕಾದ ಖನಿಜ ಮಾಂಟ್‌ಮೊರಿಲೊನೈಟ್. ಕಛ್, ಬಾರ್ಮೇರ್ ಕಡೆಯ ಬೆಂಟೊನೈಟ್ ಎಂಬ ಜೇಡಿಮಣ್ಣಿನಲ್ಲಿ ಇರುವುದು ಇದೇ. ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ, ನಡುವೆ ಸೋಡಿಯಂ, ನೀರು. ಅಗ್ಗವೆಂದು ಕಚ್ಚಾ ಬೆಂಟೊನೈಟನ್ನೇ ಸುರಿದರೆ ನೀರನ್ನು ಬಯಸುವ ಆ ಜೇಡಿ ಪಿಪಿಯಲ್ಲಿ ಗಂಟುಗಂಟಾಗಿಯೇ ಉಳಿಯುತ್ತದೆ, ಜೊತೆಗಿರುವ ಮರಳು ಸ್ಕ್ರೂ, ಬ್ಯಾರೆಲ್‌ಗಳನ್ನು ಸವೆಸುತ್ತದೆ. ಚಿರೋಟಿಗೆ ಸಾಟಿ ಹಚ್ಚಿದರೆ ಮಾತ್ರ ಪದರ ಬಿಡುವಂತೆ, ಇಲ್ಲಿ ಪದರಗಳ ನಡುವೆ ಉದ್ದ ಸರಪಳಿಯ ಅಮೋನಿಯಂ ಲವಣ ಸೇರಿರಬೇಕು. ಹಾಗೆ ಸಂಸ್ಕರಿಸಿದ್ದನ್ನು ಆರ್ಗಾನೊಕ್ಲೇ ಎಂದು ಮಾರುತ್ತಾರೆ. ಪದರಗಳ ಅಂತರ 1.2ರಿಂದ ಸುಮಾರು 2.4 ನ್ಯಾನೊಮೀಟರ್‌ಗೆ ಏರಿರುತ್ತದೆ.

ಚೀಲ ಬಂದ ಕೂಡಲೇ ಸ್ವಲ್ಪ ತೂಗಿ ಮಫಲ್ ಫರ್ನೇಸ್‌ನಲ್ಲಿ (ಪ್ರಯೋಗಾಲಯದ ಕುಲುಮೆ) 900 ಡಿಗ್ರಿಗೆ ಸುಡಿ. ಶೇ 35–40 ಸುಟ್ಟುಹೋಗುವುದು ಸಾಮಾನ್ಯ. ಅಂದರೆ ಶೇ 5 ಆರ್ಗಾನೊಕ್ಲೇ ಹಾಕಿದಾಗ ಒಳಗಿರುವ ಖನಿಜ ಶೇ 3 ಅಷ್ಟೇ. ಫಲಿತಾಂಶಗಳನ್ನು ಹೋಲಿಸುವವರು ಎಡವುವುದು ಹೆಚ್ಚಾಗಿ ಈ ಲೆಕ್ಕದಲ್ಲೇ.

ಸಂಸ್ಕರಿಸಿದ ಜೇಡಿಯೂ ಪಿಪಿಗೆ ನೇರವಾಗಿ ಒಗ್ಗದು. ಎರಡನ್ನೂ ಬೆಸೆಯಲು ಮಲೆಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಕಸಿ ಮಾಡಿದ ಪಿಪಿ ನಡುವೆ ಬೇಕು. ಪದರ ಚೆನ್ನಾಗಿ ಬಿಡಲು ಜೇಡಿಯ ಮೂರು ಪಟ್ಟು ಹಾಕಬಹುದು, ಆದರೆ ಖರ್ಚು ಏರಿ ಗಟ್ಟಿತನ ಇಳಿಯುತ್ತದೆ. ನಾನು ಸಮಸಮ ಹಾಕುತ್ತೇನೆ. ಮೊದಲು ಮಾಸ್ಟರ್‌ಬ್ಯಾಚ್, ಅಂದರೆ ಜೇಡಿ ಹೆಚ್ಚಿರುವ ಗಾಢ ಮಿಶ್ರಣ: 10 ಕಿಲೋಗೆ ಆರ್ಗಾನೊಕ್ಲೇ 3, ಕಸಿ ಪಿಪಿ 3, ಮಾಮೂಲಿ ಪಿಪಿ 4 ಕಿಲೋ. ಆಮೇಲೆ ಇದರ 1 ಪಾಲಿಗೆ 5 ಪಾಲು ಪಿಪಿ ಸೇರಿಸಿದರೆ ಜೇಡಿ ಶೇ 5ಕ್ಕೆ ಬರುತ್ತದೆ.

ಜೇಡಿಯನ್ನು 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಕರಗಿಸಿ ಬೆರೆಸುವ ಯಂತ್ರ, ಎಕ್ಸ್‌ಟ್ರೂಡರ್, ಒಂದೇ ದಿಕ್ಕಿಗೆ ತಿರುಗುವ ಜೋಡಿ ಸ್ಕ್ರೂನದಾಗಿರಲಿ, ಉದ್ದ ವ್ಯಾಸದ 40 ಪಟ್ಟು. ಬ್ಯಾರೆಲ್ 170ರಿಂದ 190 ಡಿಗ್ರಿ, ವೇಗ ನಿಮಿಷಕ್ಕೆ 250–300 ಸುತ್ತು. ಜೇಡಿ ಹಗುರವಾದ ಪುಡಿ, ಮುಖ್ಯ ಹಾಪರ್‌ನಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತದೆ. ಪಿಪಿ ಕರಗಿದ ಮೇಲೆ ಸೈಡ್ ಫೀಡರ್‌ನಿಂದ ಕೊಡಿ, ಮುಂದೆ ವ್ಯಾಕ್ಯೂಮ್ ವೆಂಟ್ ತೆರೆದಿರಲಿ. ಪುಡಿಯಲ್ಲಿ ಸಿಲಿಕಾ ಇರಬಹುದು, ಮಾಸ್ಕ್ ಬಿಡಬೇಡಿ.

ಪದರ ಬಿಡಿಸಲೆಂದು ವೇಗವನ್ನು ವಿಪರೀತ ಏರಿಸುವ ಚಪಲ ಬೇಡ. ತಿಕ್ಕಾಟದಿಂದ ಕರಗಿನ ತಾಪ ಬ್ಯಾರೆಲ್ ತೋರಿಸುವುದಕ್ಕಿಂತ ಬಹಳ ಮೇಲಿರುತ್ತದೆ, 200 ಡಿಗ್ರಿ ದಾಟುತ್ತಲೇ ಅಮೋನಿಯಂ ಲವಣ ಒಡೆಯತೊಡಗುತ್ತದೆ. ಯಂತ್ರದ ಬಾಯಿ, ಅಂದರೆ ಡೈನಿಂದ ಬರುವ ಎಳೆ ಕಂದಾಗಿ ಮೀನಿನ ವಾಸನೆ ಹೊಡೆದರೆ ಅದೇ ಆಗಿದೆ. ಆಗ ತೆರೆದ ಪದರಗಳು ಮತ್ತೆ ಅಂಟಿಕೊಳ್ಳುತ್ತವೆ. ವೇಗ ಇಳಿಸಿ ಫೀಡನ್ನೂ ತಗ್ಗಿಸಿ, ಪದರ ಬಿಡಲು ಸಾಮಾನು ಒಳಗೆ ಹೆಚ್ಚು ಹೊತ್ತು ನಿಲ್ಲಲಿ.

ಪರೀಕ್ಷೆಗೆ ಮೊದಲ ಹೆಜ್ಜೆ ಅಗ್ಗದ್ದು: ಹಾಟ್ ಪ್ರೆಸ್‌ನಲ್ಲಿ ತೆಳು ಫಿಲ್ಮ್ ಒತ್ತಿ ಬೆಳಕಿಗೆ ಹಿಡಿಯಿರಿ; ಚುಕ್ಕೆ ಕಂಡರೆ ಮುಂದಿನ ಖರ್ಚು ದಂಡ. ಪದರಗಳ ಅಂತರ ಅಳೆಯುವ ಎಕ್ಸ್‌ರೇ ಡಿಫ್ರ್ಯಾಕ್ಷನ್‌ನಲ್ಲಿ ತಾಮ್ರದ ಕಿರಣಕ್ಕೆ ಜೇಡಿಯ ಶಿಖರ ಮೂಲದಲ್ಲಿ 3.7 ಡಿಗ್ರಿಯ ಹತ್ತಿರ ಇರುತ್ತದೆ. ಅದು 2.8ರ ಕಡೆ ಸರಿದರೆ ಪಾಲಿಮರ್ ಪದರಗಳ ಒಳಹೊಕ್ಕಿದೆ. 6ರ ಕಡೆ ಹೋದರೆ ಪದರ ಕುಸಿದಿದೆ. ಶಿಖರವೇ ಕಾಣದಿದ್ದರೆ ಸಂಭ್ರಮ ಬೇಡ, ಜೇಡಿ ಕಡಿಮೆಯಿದ್ದರೂ ಹಾಗಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ನೋಡಬೇಕು.

ಟೊಯೊಟಾ ಪ್ರಯೋಗಾಲಯದ ನೈಲಾನ್-6 ಅಂಕಿಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಅಲ್ಲಿ ಜೇಡಿಯ ಪದರಗಳ ನಡುವೆಯೇ ನೈಲಾನನ್ನು ಬೆಳೆಸಿದ್ದರು, ಶೇ 5ರೊಳಗಿನ ಜೇಡಿಗೇ ಮಾಡ್ಯುಲಸ್ (ಬಾಗದೆ ನಿಲ್ಲುವ ಬಿಗಿತನದ ಅಳತೆ) ಹತ್ತಿರಹತ್ತಿರ ದುಪ್ಪಟ್ಟಾಯಿತು. ಪಿಪಿಯಲ್ಲಿ ಕಾಲು ಭಾಗ ಏರಿದರೆ ಒಳ್ಳೆಯ ಫಲವೆಂದೇ ನಾನು ಭಾವಿಸುತ್ತೇನೆ. ಮುರಿಯುವ ಮುಂಚಿನ ಹಿಗ್ಗುವಿಕೆ ಮಾತ್ರ ತೀವ್ರವಾಗಿ ಇಳಿಯುತ್ತದೆ, ಸ್ನ್ಯಾಪ್ ಫಿಟ್ (ಬಾಗಿಸಿ ಒತ್ತಿ ಕೂರಿಸುವ ಕೊಂಡಿ) ಇರುವ ಭಾಗಗಳಿಗೆ ಇದು ಸಲ್ಲದು.

ಜೇಡಿಯೊಳಗಿನ ಕಬ್ಬಿಣ ಪಿಪಿಯ ಆಕ್ಸೀಕರಣವನ್ನು ಚುರುಕುಗೊಳಿಸುತ್ತದೆ, ಜೇಡಿಯ ಮೇಲ್ಮೈ ಆಂಟಿಆಕ್ಸಿಡೆಂಟನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಆಂಟಿಆಕ್ಸಿಡೆಂಟನ್ನು ಮಾಮೂಲಿ ಶೇ 0.1–0.2ರ ಬದಲು 0.3 ಹಾಕಿ. ಬಿಸಿಲಿಗೆ ಒಡ್ಡುವ ಭಾಗವಾದರೆ ಯುವಿ ಸ್ಟೆಬಿಲೈಸರ್ ಪ್ರಮಾಣವನ್ನು ಹಳೆಯ ಫಾರ್ಮುಲಾದಿಂದ ಎತ್ತಿಕೊಳ್ಳದೆ ಹೊಸದಾಗಿ ಪರೀಕ್ಷಿಸಿ.