ಕೊಡುವುದನ್ನಷ್ಟೇ ಬರೆದೆವು

ಶಿರಸಿಯಲ್ಲಿ ಅಡಿಕೆ, ಕಾಳುಮೆಣಸು ವಿಂಗಡಿಸಿ ಹೊರ ರಾಜ್ಯಗಳಿಗೆ ಕಳಿಸುವ ಸಂಸ್ಥೆಯೊಂದರಲ್ಲಿ ನಾನು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೇ ಬರೆದ ನೇಮಕಾತಿ ಜಾಹೀರಾತಿನಲ್ಲಿ ‘ಕುಟುಂಬದಂಥ ವಾತಾವರಣ, ಬೆಳವಣಿಗೆಗೆ ವಿಪುಲ ಅವಕಾಶ’ ಎಂದಿತ್ತು. ಅದನ್ನು ನಂಬಿ ಸೇರಿದ ನಾಲ್ವರು ಪದವೀಧರರಲ್ಲಿ ಮೂವರು ಮಳೆಗಾಲ ಮುಗಿಯುವ ಮೊದಲೇ ಕೆಲಸ ಬಿಟ್ಟರು. ಅವರಲ್ಲೊಬ್ಬ ಹೊರಡುವಾಗ, ‘ಇಲ್ಲಿ ನನ್ನ ಮುಂದಿನ ಹುದ್ದೆ ಯಾವುದಿತ್ತು ಸರ್?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಹೊಸ ಜಾಹೀರಾತು ಬರೆಯುವ ಮೊದಲು, ಬಿಟ್ಟುಹೋದವರಿಗೆ ಫೋನ್ ಮಾಡಿ, ಉಳಿದವರೊಂದಿಗೆ ಒಬ್ಬೊಬ್ಬರಾಗಿ ಕುಳಿತು, ಇಲ್ಲಿ ನಿಮ್ಮನ್ನು ಹಿಡಿದಿಟ್ಟಿರುವುದು ಏನು, ಬಿಡುವಂತೆ ಮಾಡುವುದು ಏನು ಎಂದು ಕೇಳಿದೆ. ಚಾಲಿ ಅಡಿಕೆ ಆರಿಸುವ ಹೆಂಗಸೊಬ್ಬರು ಕೈ ನಿಲ್ಲಿಸದೆಯೇ, ‘ಐದೂವರೆಗೆ ಬಿಟ್ಟರೆ ಬಸ್ಸು ಸಿಗುತ್ತದೆ, ಅದು ತಪ್ಪಿದರೆ ಮನೆಗೆ ಹೋಗಲು ದಾರಿಯೇ ಇಲ್ಲ’ ಎಂದರು. ಸಂಬಳದ ಮಾತು ಅವರ ಬಾಯಿಂದ ಬಂದದ್ದು ಆಮೇಲೆ. ಹಲವರು ಅಡಿಕೆ ಗೊನೆ ಕೊಯ್ಲಿನ ರಜೆಯನ್ನು ನೆನೆದರು. ಕೊಯ್ದ ಅಡಿಕೆ ಬಿಸಿಲಿನಲ್ಲಿ ಸುಮಾರು ಒಂದೂವರೆ ತಿಂಗಳು ಒಣಗಿ ಚಾಲಿಯಾದ ಮೇಲಷ್ಟೇ ನಮ್ಮಲ್ಲಿಗೆ ಬರುವುದರಿಂದ, ತೋಟದಲ್ಲಿ ಕೈ ಬೇಕಾದ ಹೊತ್ತಿಗೆ ನಮ್ಮ ಶೆಡ್ಡಿನಲ್ಲಿ ಕೆಲಸ ತೆಳುವಾಗಿರುತ್ತದೆ. ಆ ರಜೆ ನಾವು ನಿಜವಾಗಿ ಕೊಡಬಲ್ಲದ್ದು, ದೊಡ್ಡ ನಗರದ ಕಂಪನಿ ಕೊಡಲಾರದ್ದು. ಇಷ್ಟು ವರ್ಷ ಅದನ್ನು ನಾವು ಎಲ್ಲೂ ಬರೆದೇ ಇರಲಿಲ್ಲ.

ಉತ್ತರಗಳನ್ನು ವಿಂಗಡಿಸಲು, 1996ರಲ್ಲಿ ಬ್ರಿಟನ್ನಿನ ನಿರ್ವಹಣಾ ಲೇಖಕರಾದ ಟಿಮ್ ಆ್ಯಂಬ್ಲರ್ ಮತ್ತು ಸೈಮನ್ ಬ್ಯಾರೋ ಎಂಪ್ಲಾಯರ್ ಬ್ರ್ಯಾಂಡ್ (ಕೆಲಸ ಕೊಡುವ ಸಂಸ್ಥೆಯಾಗಿ ಇರುವ ಹೆಸರು) ಕುರಿತು ಹೇಳಿದ ವಿಭಾಗಗಳು ನೆರವಾದವು: ಕೆಲಸದಿಂದ ಸಿಗುವ ಬೆಳವಣಿಗೆ ಮತ್ತು ಉಪಯುಕ್ತ ಅನುಭವ, ಹಣ, ಮನಸ್ಸಿನ ನೆಮ್ಮದಿ. ನಮ್ಮ ಹಾಳೆಯಲ್ಲಿ ಮೂರನೆಯದೇ ತುಂಬಿತ್ತು, ಮೊದಲನೆಯದು ಬಹುತೇಕ ಖಾಲಿ. ಪಿಎಫ್ ಅನ್ನು ಸಂಸ್ಥೆಯ ಔದಾರ್ಯವೆಂಬಂತೆ ಬರೆಯುತ್ತಿದ್ದುದನ್ನೂ ಕೈಬಿಟ್ಟೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ನಮ್ಮಂಥವರಿಗೆ ಅದು ಕಾನೂನಿನ ಕಡ್ಡಾಯ. ಅದನ್ನು ‘ನಿಮ್ಮ ಹಕ್ಕು’ ಎಂಬ ಬೇರೆ ಶೀರ್ಷಿಕೆಯಡಿ ಇಟ್ಟು, ನಿಮ್ಮಿಂದ ಕಡಿತವಾಗುವ ಶೇ 12ರಷ್ಟೇ ನಮ್ಮ ಪಾಲೂ ಇದೆ ಎಂದು ಬರೆದೆ.

ಕೊನೆಗೆ ಸಿದ್ಧವಾದದ್ದು ಒಂದೇ ಪುಟ. ಕೆಲಸ ಬಿಡುವ ಸಮಯ, ಕೊಯ್ಲಿನ ರಜೆ, 7ನೇ ತಾರೀಖಿನೊಳಗೆ ಸಂಬಳ ಎಂಬುದರ ಜೊತೆಗೆ, ‘ಬೆಂಗಳೂರಿನ ಸಂಬಳ ಕೊಡಲಾರೆವು; ಮೇಲ್ವಿಚಾರಕರ ಹುದ್ದೆಗಳಿರುವುದು ಎರಡೇ’ ಎಂಬ ಸಾಲೂ ಇತ್ತು. ಆ ಸಾಲಿಗೆ ಆಡಳಿತ ಮಂಡಳಿ ಒಪ್ಪಲಿಲ್ಲ, ಅರ್ಜಿಗಳೇ ಬರುವುದಿಲ್ಲ ಎಂದರು. ಬಿಟ್ಟುಹೋದ ಹುಡುಗನ ಪ್ರಶ್ನೆಯನ್ನು ನಾನು ಹಾಗೆಯೇ ಸಭೆಯಲ್ಲಿ ಓದಿದೆ. ಸಾಲು ಉಳಿಯಿತು. ಅರ್ಜಿಗಳು ಕಡಿಮೆಯಾದದ್ದು ನಿಜ, ಆದರೆ ಬಂದವರು ಆ ಪುಟವನ್ನು ಮಡಚಿ ಕೈಯಲ್ಲಿ ಹಿಡಿದೇ ಸಂದರ್ಶನಕ್ಕೆ ಬಂದಿದ್ದರು.

ಮರುವರ್ಷ ಮಳೆಗಾಲದಲ್ಲಿ ಸಂಜೆಯ ಬಸ್ಸಿನ ಸಮಯ ಬದಲಾಯಿತು. ಅದೇ ವಾರ ಪಾಳಿ ಕಾಲು ಗಂಟೆ ಮೊದಲೇ ಮುಗಿಯುವಂತೆ ಮಾಡಿ, ಪುಟವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದೆವು.