ಸ್ಕೇಲ್ ತೆಗೆದಿಟ್ಟ ಮೇಲೆ ಸರ್ವಸಮತೆ ತಲೆಗೆ ಹತ್ತಿತು

ಎಂಟನೇ ತರಗತಿಯವರಿಗೆ ರೇಖಾಖಂಡ ಮೊದಲಿನಿಂದ ಕಲಿಸ್ತೀನಿ, ಅದೂ ಸ್ಕೇಲ್ ಇಲ್ಲದೆ ಅಂದಾಗ ವಿಜಯಪುರದ ನಮ್ಮ ಶಾಲೆಯಲ್ಲಿ ಯಾರೂ ಒಪ್ಪಲಿಲ್ಲ. "ಸರ್, ಪೋರ್ಷನ್ ಮುಗೀಬೇಕಲ್ರೀ, ಆಟ ಆಡಸಾಕ ಟೈಮ್ ಎಲ್ಲೈತಿ?" ಅಂದರು. ಈಗ ಅವರೇ ನನ್ನ ಕಡ್ಡಿ ಡಬ್ಬಿ ಕೇಳಿ ಒಯ್ಯುತ್ತಾರೆ.

ಸ್ಕೇಲ್ ಕೈಯಲ್ಲಿದ್ದರೆ ಮಕ್ಕಳು ಗೆರೆ ನೋಡುವುದಿಲ್ಲ, ಅಂಕಿ ನೋಡುತ್ತಾರೆ. ಒಬ್ಬಳು 7.4 ಅಂದರೆ, ಇನ್ನೊಬ್ಬ ಸೊನ್ನೆ ಬಿಟ್ಟು ಒಂದರಿಂದ ಅಳೆದು 8.4 ಅನ್ನುತ್ತಾನೆ. ನಾನು ಕೊಟ್ಟಿದ್ದು ವಿಭಾಜಕ ಮಾತ್ರ, ಅಂದರೆ ಕಂಪಾಸ್ ಡಬ್ಬಿಯಲ್ಲಿರುವ ಎರಡು ಮೊನೆಯ ಡಿವೈಡರ್. ಒಂದು ಅಡ್ಡ ಗೆರೆ, ಅದರ ನಡುವೆ ಅಷ್ಟೇ ಉದ್ದದ ನೆಟ್ಟಗಿನ ಗೆರೆ ಹಾಕಿದೆ. ಬಹುತೇಕ ಎಲ್ಲರೂ ನೆಟ್ಟಗಿನದೇ ಜಾಸ್ತಿ ಉದ್ದ ಅಂದರು. ವಿಭಾಜಕದ ಮೊನೆಗಳನ್ನು ಒಂದರ ತುದಿಗಳಿಗಿಟ್ಟು, ಹಾಗೇ ಎತ್ತಿ ಇನ್ನೊಂದರ ಮೇಲೆ ಇಟ್ಟಾಗ ಸರಿಯಾಗಿ ಕೂತಿತು. ಸರ್ವಸಮ ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರುವುದು ಅಂತ ಅಂಕಿಯೇ ಇಲ್ಲದೆ ಗೊತ್ತಾಯಿತು.

ಖರ್ಚಿನ ಮಾತು. ಮಕ್ಕಳ ಡಬ್ಬಿಯ ವಿಭಾಜಕಗಳೆಲ್ಲ ಸಡಿಲ. ಎತ್ತುವಷ್ಟರಲ್ಲಿ ಅಗಲ ಬದಲಾಗುತ್ತಿತ್ತು. ಬಿಗಿ ಇರುವವನ್ನು ಕೊಳ್ಳಲು ಸುಮಾರು 600 ರೂಪಾಯಿ ಹೋಯಿತು. ತ್ರಿಭುಜಕ್ಕೆ ಮೊದಲು ತಂದಿದ್ದು ಜೋಳದ ದಂಟು. ನಮ್ಮಲ್ಲಿ ಅದಕ್ಕೇನು ಬರ, ಪುಕ್ಕಟೆ ಸಿಗುತ್ತದೆ. ಆದರೆ ಒಳಗಿನ ಬೆಂಡು ಮೆತ್ತಗೆ. ಮುಳ್ಳು ಚುಚ್ಚಿದ ತೂತು ಎರಡೇ ದಿನಕ್ಕೆ ದೊಡ್ಡದಾಗಿ, ಬಾಹುಗಳೆಲ್ಲ ಅಲ್ಲಾಡತೊಡಗಿದವು. ದಾರ ಕಟ್ಟಿದರೆ ಅದು ಹಿಗ್ಗುತ್ತದೆ. ಕೊನೆಗೆ ಕೈ ಹಿಡಿದಿದ್ದು ಪೊರಕೆ ಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬ್. ಇಡೀ ತರಗತಿಗೆ ನೂರೈವತ್ತು ರೂಪಾಯಿ ಹತ್ತಿರ ಆಯಿತು, ಅಷ್ಟೇ. ಹತ್ತಾರು ಕಡ್ಡಿಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಕತ್ತರಿಸಲು ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಶಾಲೆಗೆ ಬಂದರೆ ತೋರಿಸುತ್ತೇನೆ.

ಎಲ್ಲರಿಗೂ ಅದೇ ಅಳತೆಯ ಮೂರು ಕಡ್ಡಿ ಕೊಟ್ಟರೆ ಎಲ್ಲರ ತ್ರಿಭುಜವೂ ಒಂದೇ. ಕೆಲವರದು ಮಗುಚಿ ಇಟ್ಟ ಮೇಲೆ ಕೂರುತ್ತದೆ. ಮೂರೂ ಬಾಹು ಸಮ ಇದ್ದರೆ ತ್ರಿಭುಜ ಸರ್ವಸಮ ಅನ್ನುವ ಬಾಬಾಬಾ (ಬಾಹು-ಬಾಹು-ಬಾಹು) ನಿಯಮ ಬಾಯಿಪಾಠ ಮಾಡಿಸುವ ಕೆಲಸವೇ ಉಳಿಯಲಿಲ್ಲ.

ನಡುವೆ ಗೋಳಗುಮ್ಮಟಕ್ಕೂ ಕರೆದುಕೊಂಡು ಹೋದೆ. 1656ರ ಕಟ್ಟಡ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಷ್ಟು ಭಾರ ಹೊತ್ತ ಒಳಗಿನ ಕಮಾನುಗಳು ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಹಾಗೆ ಹೆಣೆದುಕೊಂಡಿವೆ. ಶಾಲೆಗೆ ಬಂದು ರಟ್ಟಿನಲ್ಲಿ ಎರಡು ಸರ್ವಸಮ ಚೌಕ ಕತ್ತರಿಸಿ, ನಡುವೆ ಗುಂಡುಪಿನ್ ಚುಚ್ಚಿ, ಒಂದನ್ನು 45 ಡಿಗ್ರಿ ತಿರುಗಿಸಿದೆವು. ಹೊರಗೆ ಚಾಚಿದ ಎಂಟು ತ್ರಿಭುಜಗಳನ್ನು ಕತ್ತರಿಸಿ ಒಂದರ ಮೇಲೊಂದು ಪೇರಿಸಿದರೆ ಎಂಟೂ ಸರ್ವಸಮ!

ಎರಡು ಬಾಹು, ಒಂದು ಕೋನ ಸಮ ಇದ್ದರೆ ತ್ರಿಭುಜ ಸರ್ವಸಮ ಅನ್ನುವಾಗ, ಆ ಕೋನ ಎರಡು ಬಾಹುಗಳ ನಡುವೆಯೇ ಯಾಕಿರಬೇಕು ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಅಲ್ವಾ? ಸುಮ್ನೆ ನಿಯಮ ಹೇಳಬೇಡಿ. ಕಾಗದದ ಮೇಲೆ 30 ಡಿಗ್ರಿ ಕೋನ ಬರೆಯಿರಿ. ಓರೆ ಗೆರೆಯ ಮೇಲೆ ಮೂಲೆಯಿಂದ 10 ಸೆಂ.ಮೀ. ಕಡ್ಡಿ ಇಡಿ. ಅದರ ಮೇಲಿನ ತುದಿಗೆ 6 ಸೆಂ.ಮೀ. ಕಡ್ಡಿ ಸಿಕ್ಕಿಸಿ ತೂಗಾಡಿಸಿ. ಕೆಳಗಿನ ಗೆರೆಯನ್ನು ಅದು ಎರಡು ಕಡೆ ಮುಟ್ಟುತ್ತದೆ, ಒಮ್ಮೆ ಮೂಲೆಯಿಂದ 5.3 ಸೆಂ.ಮೀ. ಹತ್ತಿರ, ಇನ್ನೊಮ್ಮೆ 12ರ ಹತ್ತಿರ. ಅಳತೆಗಳು ಅವೇ, ತ್ರಿಭುಜ ಎರಡು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಡ್ಡಿಯನ್ನು 5 ಸೆಂ.ಮೀ.ಗೆ ಇಳಿಸಿದಳು. ಒಂದೇ ಕಡೆ ಮುಟ್ಟಿತು, ಅಲ್ಲಿ ಲಂಬಕೋನ. ಲಂಬಕೋನ ತ್ರಿಭುಜದಲ್ಲಿ ಕರ್ಣ ಮತ್ತು ಒಂದು ಬಾಹು ಸಮ ಇದ್ದರೆ ಸಾಕು ಅನ್ನುವ ನಿಯಮವೇ ಲಂಕಬಾ (ಲಂಬಕೋನ-ಕರ್ಣ-ಬಾಹು); ಅಲ್ಲಿ ಕೋನ ನಡುವೆ ಇರಬೇಕಿಲ್ಲ. "ಸರ್, ಲಂಕಬಾಕ್ಕ ಒಂದs ತ್ರಿಭುಜ ಬರೂದು ಇದಕ್ಕೇನ್ರೀ?" ಅಂದಳು.